ಏಳದ ಹಾರ್ಡ್ ಡಿಸ್ಕನ್ನು ಎಬ್ಬಿಸುವ ಮೊದಲು

ಪ್ರಶ್ನೆ: ನಾನು ಆಳಂದದಾಗ ಹೈಸ್ಕೂಲ್ ಟೀಚರ್ ಇದ್ದೀನ್ರಿ. ನಮ್ಮಪ್ಪ 1992ರಾಗ ಹೈದರಾಬಾದಿನಿಂದ ಒಂದು 386 ಕಂಪ್ಯೂಟರ್ ತಂದಿದ್ರು. ಭಜನಿ ಮಂದಿ ಹಾಡೋ ತತ್ವಪದ ಊರೂರು ತಿರುಗಿ ಬರಕೊಂಡು ಬಂದು ಅದರಾಗ ಟೈಪ್ ಮಾಡಿ ಇಡ್ತಿದ್ರು. ಈಗ ಅವರಿಲ್ಲ, ಬರದಿದ್ದ ವಹಿ ಗೆದ್ದಲು ಹಿಡಿದು ಹೋಗ್ಯಾವ. ಹದಿನೈದು ವರ್ಷದ ಮ್ಯಾಲ ಮೊನ್ನಿ ಚಾಲೂ ಮಾಡಿದ್ರ ಫ್ಯಾನ್ ತಿರುಗ್ತದ, ಒಳಗ ಟಿಕ್ ಟಿಕ್ ಅಂತ ನಾಕೈದು ಸಲ ಸಪ್ಪಳ ಬಂದು ಸುಮ್ಮನಾಗ್ತದ. ಮೊದಲು ‘ಸಿಮಾಸ್ ಬ್ಯಾಟರಿ ಸ್ಟೇಟ್ ಲೋ’ ಅಂತ ಬಂತು. ಅಕ್ಕನ ಮಗ ಸೆಟಪ್ಪಿಗಿ ಹೋಗಿ ಡ್ರೈವ್ ‘ಟೈಪ್ 1’ ಅಂತ ಹಾಕಿದ ಮ್ಯಾಲ ‘ಎಚ್‌ಡಿಡಿ ಕಂಟ್ರೋಲರ್ ಫೇಲ್ಯೂರ್’ ಅಂತ ಬರ್ಲಿಕ್ಹತ್ತದ. ಯುಎಸ್‌ಬಿ ಕೇಬಲ್ ತಂದು ಲ್ಯಾಪ್‌ಟಾಪಿಗಿ ಹಚ್ಚಿದ್ರೂ ಏನೂ ತೋರಸಲಿಲ್ಲ. ಒಬ್ರು ಫ್ರಿಜ್ಜಿನಾಗ ಇಡ್ರಿ ಅಂತಾರ, ಇನ್ನೊಬ್ರು ಹಗುರಕ ಬಡೀರಿ ಅಂತಾರ. ಡಿಸ್ಕ್ ಸತ್ತದೇನ್ರಿ?

ಉತ್ತರ: ಅಕ್ಕಾವ್ರೇ, ಮೊದಲು ಪ್ಲಗ್ ಕಿತ್ತಿಡಿ. ಉತ್ತರ ಉದ್ದ ಇದೆ. ಇದನ್ನು ಓದಿ ಮುಗಿಸುವ ತನಕ ಯಾರೂ ಆ ಸ್ವಿಚ್ ಮುಟ್ಟುವುದು ಬೇಡ. ಅಕ್ಕನ ಮಗನಿಗಂತೂ ಎರಡು ಸಲ ಹೇಳಿ.

ಸತ್ತಿದೆ ಎನ್ನುವ ಕಾಲ ಇನ್ನೂ ಬಂದಿಲ್ಲ. ನೀವು ಬರೆದದ್ದರಲ್ಲಿ ನನಗೆ ಬೇಕಾದ ಮಾತು ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳಲ್ಲ, ಆ ‘ಟಿಕ್ ಟಿಕ್’. ಹಳೆಯ ಹಾರ್ಡ್ ಡಿಸ್ಕಿನ ಕಾಯಿಲೆಯನ್ನು ಕಣ್ಣಿಗಿಂತ ಕಿವಿಯೇ ಬೇಗ ಹಿಡಿಯುತ್ತದೆ. ಆರೋಗ್ಯವಾಗಿರುವ ಡಿಸ್ಕ್ ಕರೆಂಟ್ ಸಿಕ್ಕ ಕೂಡಲೇ ಸೊಂಯ್ ಎಂದು ಕೆಳಗಿನ ಶ್ರುತಿಯಿಂದ ಮೇಲಕ್ಕೆ ಏರುತ್ತದೆ. ಕೆಲವು ಸೆಕೆಂಡುಗಳಲ್ಲಿ ಒಂದೇ ಶ್ರುತಿಗೆ ನಿಂತು, ಆಮೇಲೆ ಹೆಡ್ಡುಗಳು, ಅಂದರೆ ಒಳಗೆ ತಿರುಗುವ ತಟ್ಟೆಯ ಮೇಲಿನ ಬರಹವನ್ನು ಓದುವ ತುದಿಗಳು, ಒಮ್ಮೆ ಕಟಕಟ ಎಂದು ಓಡಾಡುತ್ತವೆ. ಆ ಸೊಂಯ್ ಬಂದು, ನಂತರ ಕಟಕ್ ಕಟಕ್ ಎಂದು ಬಿಡದೆ ಬಡಿದುಕೊಂಡರೆ ತಟ್ಟೆ ತಿರುಗುತ್ತಿದೆ, ಆದರೆ ಹೆಡ್ಡಿಗೆ ದಾರಿ ಸಿಗುತ್ತಿಲ್ಲ ಎಂದರ್ಥ. ಸೊಂಯ್ ಬಂದು ಆಮೇಲೆ ಒಂದೂ ಸದ್ದಿಲ್ಲದಿದ್ದರೆ ಹೆಡ್ಡು ಎಲ್ಲೋ ಅಂಟಿಕೊಂಡಿದೆ. ನಿಮ್ಮಲ್ಲಿ ಸೊಂಯ್ ಎನ್ನುವುದೇ ಇಲ್ಲ. ಮೋಟಾರು ಎಳೆಯುತ್ತದೆ, ತಟ್ಟೆ ಕದಲುವುದಿಲ್ಲ, ನಾಲ್ಕೈದು ಸಲ ನೋಡಿ ಡಿಸ್ಕಿನ ಸರ್ಕ್ಯೂಟೇ ಸುಮ್ಮನಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಕಾರಣ ಎರಡು: ಒಂದೋ ಸಾಕಷ್ಟು ಕರೆಂಟ್ ಹೋಗುತ್ತಿಲ್ಲ, ಇಲ್ಲವೇ ಹೆಡ್ಡು ತಟ್ಟೆಗೆ ಕಚ್ಚಿಕೊಂಡಿದೆ. ಎರಡನೆಯದನ್ನು ನಮ್ಮ ಕಸುಬಿನವರು ಸ್ಟಿಕ್ಷನ್ ಎನ್ನುತ್ತಾರೆ.

ಅದು ಹೇಗೆ ಆಗುತ್ತದೆ ಎಂದು ತಿಳಿದರೆ ಏನು ಮಾಡಬಾರದು ಎನ್ನುವುದು ತಾನಾಗಿಯೇ ತಿಳಿಯುತ್ತದೆ. ಡಿಸ್ಕ್ ತಿರುಗುವಾಗ ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ, ಗಾಳಿಯ ತೆಳುವಾದ ಪದರದ ಮೇಲೆ ತೇಲುತ್ತದೆ. ಆ ಕಾಲದ ಡಿಸ್ಕುಗಳಲ್ಲಿ ನಿಂತಾಗ ತಟ್ಟೆಯ ಮೇಲೆಯೇ ಕೂರುತ್ತದೆ. ತಟ್ಟೆಯೂ ನುಣುಪು, ಹೆಡ್ಡಿನ ತಳವೂ ನುಣುಪು, ನಡುವೆ ತಟ್ಟೆಗೆ ಸವರಿದ ಎಣ್ಣೆಯ ಅಂಶ, ಅದಕ್ಕೆ ಸೇರಿದ ಗಾಳಿಯ ಪಸೆ. ನೀವು ಶಹಾಬಾದ್ ಫರಸಿ ನೋಡಿ ಬೆಳೆದವರು. ಪಾಲಿಶ್ ಮಾಡಿದ ಎರಡು ಫರಸಿಯನ್ನು ಒಂದರ ಮೇಲೊಂದಿಟ್ಟು ನಡುವೆ ನೀರು ಬಿದ್ದರೆ ಏನಾಗುತ್ತದೆ? ಮೇಲಕ್ಕೆತ್ತಿದರೆ ಬರುವುದಿಲ್ಲ, ಬಡಿದರೆ ಮೂಲೆ ಒಡೆಯುತ್ತದೆ, ಪಕ್ಕಕ್ಕೆ ಜಾರಿಸಿದರೆ ಸಲೀಸಾಗಿ ಬಿಡುತ್ತದೆ. ಹಾರ್ಡ್ ಡಿಸ್ಕಿನ ಒಳಗೂ ಅದೇ ಲೆಕ್ಕ. ಬಡಿಯುವುದು ಬೇಡ ಎನ್ನುವುದಕ್ಕೆ ಇಷ್ಟು ಸಾಕು.

ಫ್ರಿಜ್ಜಿನ ಮಾತನ್ನು ಯಾರು ಹೇಳಿದರೋ, ಅವರ ಚಹಾ ಕುಡಿದು ಮಾತು ಅಲ್ಲೇ ಬಿಟ್ಟು ಬನ್ನಿ. ತಣ್ಣಗಾದ ಡಿಸ್ಕನ್ನು ಹೊರಗೆ ತೆಗೆದ ಕೂಡಲೇ ತಣ್ಣೀರಿನ ಲೋಟದ ಹೊರಮೈ ಬೆವರಿದ ಹಾಗೆ ಒಳಗೂ ಹೊರಗೂ ನೀರಿನ ಪಸೆ ಕಟ್ಟುತ್ತದೆ. ಡಿಸ್ಕಿನ ಮೇಲೆ ‘ಇದನ್ನು ಮುಚ್ಚಬೇಡಿ’ ಎಂದು ಬರೆದ ಸಣ್ಣ ತೂತು ಇರುತ್ತದಲ್ಲ, ಅದು ಗಾಳಿಯಾಡಲು ಬಿಟ್ಟದ್ದು. ಒಳಗೆ ಫಿಲ್ಟರ್ ಇದ್ದರೂ ಪಸೆ ತಡೆಯುವುದಿಲ್ಲ. ಅಂಟಿಗೆ ಬೇಕಾದದ್ದು ತಂಪಲ್ಲ, ಹದವಾದ ಬಿಸಿ. ಎಣ್ಣೆ ಸಡಿಲಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಅದಕ್ಕೇನೂ ಯಂತ್ರ ಬೇಡ. ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗಿನ ಕೋಣೆ ಸಾಕು. ಈಗಲೇ ಮಾಡುವುದಾದರೆ ಟೇಬಲ್ ಲ್ಯಾಂಪಿನ ಬಲ್ಬಿನಿಂದ ಒಂದು ಗೇಣು ದೂರದಲ್ಲಿ ಅರ್ಧ ಗಂಟೆ ಇಡಿ. ಕೈಗೆ ಬೆಚ್ಚಗೆ ಹತ್ತಬೇಕು, ಸುಡಬಾರದು. ಬಿಸಿಲಿಗೆ ನೇರವಾಗಿ ಇಡಬೇಡಿ.

ಇಲ್ಲೊಂದು ಹಳೆಯ ಕಥೆ ಹೇಳಲೇಬೇಕು. 1997ರಲ್ಲಿ, ಊರು ಇನ್ನೂ ಗುಲ್ಬರ್ಗ ಆಗಿದ್ದಾಗ, ಒಂದು ದಾಲ್ ಮಿಲ್ಲಿನಿಂದ ಕರೆ ಬಂತು. ತೊಗರಿ ಹಂಗಾಮು, ಎರಡು ವರ್ಷದ ಲೆಕ್ಕವೆಲ್ಲ ಒಂದೇ ಮಷೀನಿನಲ್ಲಿ, ನಕಲು ಇಲ್ಲ. ಇದೇ ಟಿಕ್ ಟಿಕ್. ನಾನು ಆಗ ಹುಡುಗ, ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ಕೊಟ್ಟೆ. ಡಿಸ್ಕ್ ಸೊಂಯ್ ಎಂದು ಎದ್ದು ಬಿಟ್ಟಿತು! ಮುನೀಮರು ಬೆನ್ನು ತಟ್ಟಿದರು, ಚಹಾ ಬಂತು. ನಾನು ಜಂಬದಿಂದ ಮಷೀನ್ ಬಂದ್ ಮಾಡಿ, ಡಿಸ್ಕನ್ನು ಮತ್ತೆ ಒಳಗೆ ಕೂರಿಸಿ, ನಾಲ್ಕೂ ಸ್ಕ್ರೂ ಬಿಗಿದು, ಕ್ಯಾಬಿನೆಟ್ಟಿನ ಧೂಳು ಒರೆಸಿ, ಸ್ವಿಚ್ ಹಾಕಿದೆ. ಅದು ಮತ್ತೆ ಏಳಲೇ ಇಲ್ಲ. ಆ ವರ್ಷ ಮುನೀಮರು ಕೀರ್ದಿ ಖತಾವಣಿಯನ್ನು ರಸೀದಿಗಳಿಂದ ಮೊದಲಿನಿಂದ ಬರೆದರು. ನಾನು ಆ ಓಣಿಯಲ್ಲಿ ಬಹಳ ದಿನ ಸೈಕಲ್ ಹೊಡೆಯಲಿಲ್ಲ.

ಎದ್ದ ಡಿಸ್ಕನ್ನು ಬಂದ್ ಮಾಡಬಾರದು. ನೀವು ಮಾಡುವ ಎಲ್ಲ ತಯಾರಿಯೂ ಆ ಒಂದು ಏಳುವಿಕೆಗೆ. ಅದು ಎದ್ದಾಗ ಮಷೀನ್ ಸಿದ್ಧವಿರಬೇಕು, ಫ್ಲಾಪಿ ಸಿದ್ಧವಿರಬೇಕು, ನಕಲು ಹೋಗಬೇಕಾದ ಜಾಗ ಸಿದ್ಧವಿರಬೇಕು. ಹಾಗಾಗಿ ಹಾರ್ಡ್ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಅಲಮಾರಿನಲ್ಲಿಡಿ. ಮೊದಲು ಉಳಿದ ಕಂಪ್ಯೂಟರನ್ನು ಸರಿ ಮಾಡೋಣ.

ಪರದೆಯ ಮೇಲೆ ಬಂದ ಆ ‘ಸಿಮಾಸ್’ ಬ್ಯಾಟರಿಯಿಂದ ಶುರು. ಆ ಕಾಲದ 386 ಮದರ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ಕೀಬೋರ್ಡ್ ಸಾಕೆಟ್ಟಿನ ಹತ್ತಿರ ನೀಲಿಯೋ ಹಸಿರೋ ಬಣ್ಣದ, ಪೀಪಾಯಿಯಂಥ ಸಣ್ಣ ಬ್ಯಾಟರಿ ಇರುತ್ತದೆ. 3.6 ವೋಲ್ಟಿನ ನಿಕ್ಕೆಲ್ ಕ್ಯಾಡ್ಮಿಯಂ. ಹದಿನೈದು ವರ್ಷ ಮಲಗಿದ್ದರೆ ಅದು ಸೋರಿರುವುದೇ ಹೆಚ್ಚು. ಸುತ್ತ ಹಸಿರು ಬಿಳಿ ಹುಡಿ ಕಂಡರೆ ಅದು ಕ್ಷಾರ, ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಕಟರಿನಿಂದ ಬ್ಯಾಟರಿಯ ಕಾಲು ಕತ್ತರಿಸಿ ತೆಗೆಯಿರಿ. ಕ್ಷಾರಕ್ಕೆ ಹುಳಿಯೇ ಮದ್ದು: ಹತ್ತಿಯಲ್ಲಿ ವಿನೆಗರ್ ಇಲ್ಲವೇ ನಿಂಬೆರಸ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಂದು ದಿನ ಒಣಗಲು ಬಿಡಿ. ಹೊಸ ಬ್ಯಾಟರಿಯನ್ನು ಅದೇ ಜಾಗಕ್ಕೆ ಬೆಸೆಯಬೇಡಿ. ಬಹಳಷ್ಟು ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿಗೆಂದು ನಾಲ್ಕು ಪಿನ್ನಿನ ಜಾಗ ಇರುತ್ತದೆ. ಮೂರು ಪೆನ್ಸಿಲ್ ಸೆಲ್ಲಿನ ಡಬ್ಬಿಯನ್ನು ಒಂದು ಡಯೋಡ್ ಮೂಲಕ ಅಲ್ಲಿಗೆ ಕೊಡಿಸಿ. ಡಯೋಡ್ ಮರೆತರೆ ಬೋರ್ಡು ಆ ಸೆಲ್ಲುಗಳನ್ನು ಚಾರ್ಜ್ ಮಾಡಲು ಹೋಗಿ ಅವೂ ಸೋರುವ ಸಂಭವ ಇದೆ. ರೇಡಿಯೋ ಟಿವಿ ರಿಪೇರಿ ಮಾಡುವವರಿಗೆ ಇದು ಹತ್ತು ನಿಮಿಷದ ಕೆಲಸ.

ಈ ಬ್ಯಾಟರಿಗೂ ಹಾರ್ಡ್ ಡಿಸ್ಕಿಗೂ ಏನು ಸಂಬಂಧ ಅಂತೀರಾ? ಈಗಿನ ಕಂಪ್ಯೂಟರ್ ಡಿಸ್ಕನ್ನೇ ಕೇಳಿ ‘ನೀನು ಯಾರು, ಎಷ್ಟು ದೊಡ್ಡವ’ ಎಂದು ತಿಳಿದುಕೊಳ್ಳುತ್ತದೆ. ನಿಮ್ಮ ಕಾಲದ 386 ಹಾಗಲ್ಲ, ಸೆಟಪ್ಪಿನಲ್ಲಿ ನಾವು ಬರೆದಿಟ್ಟದ್ದನ್ನು ಆ ಬ್ಯಾಟರಿಯ ಬಲದಿಂದ ನೆನಪಿಡುತ್ತದೆ. ಬ್ಯಾಟರಿ ಹೋದರೆ ತನ್ನ ಮನೆಯಲ್ಲಿ ಡಿಸ್ಕ್ ಇದೆ ಎನ್ನುವುದನ್ನೇ ಮರೆಯುತ್ತದೆ. ಡಿಸ್ಕ್ ಗಟ್ಟಿಮುಟ್ಟಾಗಿದ್ದೂ ‘ಸತ್ತಿದೆ’ ಎಂದು ನನ್ನ ಬಳಿಗೆ ಬಂದ ಎಷ್ಟೋ ಮಷೀನುಗಳ ರೋಗ ಇಷ್ಟೇ ಆಗಿತ್ತು.

ಅಕ್ಕನ ಮಗ ಹಾಕಿದ ‘ಟೈಪ್ 1’ ಎಂದರೆ 306 ಸಿಲಿಂಡರ್, 4 ಹೆಡ್, ಟ್ರ್ಯಾಕಿಗೆ 17 ಸೆಕ್ಟರ್: 10 ಎಂಬಿಯ ಡಿಸ್ಕು. ಟ್ರ್ಯಾಕ್ ಎಂದರೆ ತಟ್ಟೆಯ ಮೇಲಿನ ಒಂದು ಸುತ್ತು, ಎಲ್ಲ ತಟ್ಟೆಗಳ ಒಂದೇ ಸಾಲಿನ ಸುತ್ತುಗಳು ಸೇರಿದರೆ ಸಿಲಿಂಡರ್, ಒಂದು ಸುತ್ತಿನ ತುಂಡು ಸೆಕ್ಟರ್. ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಹುಡುಗ ಒತ್ತಿದ್ದಾನೆ, ಬೈಯಬೇಡಿ. ಆದರೆ 1992ರ 386ರಲ್ಲಿ ಸಾಮಾನ್ಯವಾಗಿ 40 ಎಂಬಿಯಾದರೂ ಇರುತ್ತದೆ. ಡಿಸ್ಕಿನ ಲೇಬಲ್ಲಿನಲ್ಲಿ ಮೂರು ಅಂಕಿ ಹುಡುಕಿ. 977, 5, 17 ಎಂದಿದ್ದರೆ ಅದು ಟೈಪ್ 17. 615, 4, 17 ಎಂದಿದ್ದರೆ ಟೈಪ್ 2, ಅಂದರೆ 20 ಎಂಬಿ. ಪಟ್ಟಿಯಲ್ಲಿ ಇಲ್ಲದ ಅಂಕಿಗಳಿದ್ದರೆ ಟೈಪ್ 47 ಆರಿಸಿ ಕೈಯಾರೆ ತುಂಬಬಹುದು. ನಿಮ್ಮಪ್ಪ ತಮ್ಮ ಅಂಕಿಗಳನ್ನು ಎಲ್ಲಾದರೂ ಬರೆದಿಟ್ಟಿರಬಹುದು, ಕ್ಯಾಬಿನೆಟ್ಟಿನ ಒಳಮೈ ಒಮ್ಮೆ ನೋಡಿ. ಆಗ ನಾವು ರಿಪೇರಿಯವರೂ ಪೆನ್ನಿನಿಂದ ಅಲ್ಲೇ ಬರೆದು ಬರುತ್ತಿದ್ದೆವು. ಅಂಕಿ ತಪ್ಪಾದರೆ ಓದಲು ಬಾರದು, ಅಷ್ಟರಿಂದ ಹಾನಿ ಇಲ್ಲ. ಹಾನಿ ಆಗುವುದು ತಪ್ಪು ಅಂಕಿಯಲ್ಲಿ ಏನಾದರೂ ಬರೆಯಲು ಹೋದರೆ. ಎಫ್‌ಡಿಸ್ಕ್, ಫಾರ್ಮ್ಯಾಟ್, ಸ್ಕ್ಯಾನ್‌ಡಿಸ್ಕ್ ಡಿಸ್ಕಿನ ಮೇಲೆ ಬರೆಯಬಲ್ಲ ಪ್ರೋಗ್ರಾಂಗಳು, ಈ ಮೂರರ ಹೆಸರನ್ನೂ ಸದ್ಯಕ್ಕೆ ಎತ್ತಬೇಡಿ.

ಇನ್ನು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ. ಹಿಂದಿನ ಕೆಂಪು ಸ್ವಿಚ್ 230 ಕಡೆಗಿದೆಯೇ ನೋಡಿ. ಮೋಟಾರನ್ನು ತಿರುಗಿಸುವುದು 12 ವೋಲ್ಟಿನ ಹಳದಿ ವೈರು, ಸರ್ಕ್ಯೂಟಿಗೆ 5 ವೋಲ್ಟಿನ ಕೆಂಪು ವೈರು. ಡಿಸ್ಕ್ ಎಲ್ಲಕ್ಕಿಂತ ಹೆಚ್ಚು ಕರೆಂಟ್ ಎಳೆಯುವುದು ಏಳುವ ಆ ಮೊದಲ ಕ್ಷಣಗಳಲ್ಲಿ. ಕೆಪಾಸಿಟರ್ ಒಣಗಿದ ಎಸ್‌ಎಂಪಿಎಸ್ ಖಾಲಿ ಇದ್ದಾಗ ಮೀಟರಿನಲ್ಲಿ 12 ತೋರಿಸುತ್ತದೆ, ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಆದ್ದರಿಂದ ಬೇರೆ ಯಾವುದಾದರೂ ಬೇಡವಾದ ಡಿಸ್ಕನ್ನು ಹಚ್ಚಿ, ಅದು ಏಳುವಾಗಲೇ ಮಲ್ಟಿಮೀಟರ್ ನೋಡಬೇಕು. ಹಳದಿ 11.4ಕ್ಕಿಂತ, ಕೆಂಪು 4.75ಕ್ಕಿಂತ ಕೆಳಗಿಳಿದರೆ ಎಸ್‌ಎಂಪಿಎಸ್ ಬದಲಿಸಿ. ಮದರ್‌ಬೋರ್ಡಿಗೆ ಹೋಗುವ ಎರಡು ಪ್ಲಗ್ಗುಗಳನ್ನು ಮತ್ತೆ ಹಾಕುವಾಗ ಎರಡರ ಕಪ್ಪು ವೈರುಗಳೂ ನಡುವೆ ಒಂದರ ಪಕ್ಕ ಒಂದು ಬರಬೇಕು. ಅದಲುಬದಲಾದರೆ ಬೋರ್ಡು ಹೋಯಿತೆಂದೇ ಲೆಕ್ಕ.

ಕಾರ್ಡು, ಕೇಬಲ್ಲುಗಳ ವಿಷಯ ಸಣ್ಣದು: ಡಿಸ್ಕ್ ಕಾರ್ಡನ್ನು ಕಿತ್ತು ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ, ಪಟ್ಟಿ ಕೇಬಲ್ಲಿನ ಕೆಂಪು ಅಂಚು ಎರಡೂ ತುದಿಯಲ್ಲಿ ಒಂದನೇ ಪಿನ್ನಿಗೆ ಬರಲಿ. ಡಿಸ್ಕಿನ ದೀಪ ಆರದೆ ಉರಿಯುತ್ತಲೇ ಇದ್ದರೆ ಕೇಬಲ್ ಉಲ್ಟಾ ಆಗಿದೆ ಎಂದು ತಿಳಿಯಿರಿ.

ಯುಎಸ್‌ಬಿ ಕೇಬಲ್ ಏನೂ ತೋರಿಸದ್ದಕ್ಕೆ ಮೊದಲ ಕಾರಣ ತಟ್ಟೆ ತಿರುಗದಿರುವುದೇ. ಆದರೆ ತಿರುಗಿದರೂ ತೋರಿಸುವುದು ಅನುಮಾನ. ಆ ಕೇಬಲ್ಲುಗಳಲ್ಲಿ ಬಹುಪಾಲು ‘ಇಷ್ಟನೇ ಸೆಕ್ಟರ್ ಕೊಡು’ ಎಂದು ಒಂದೇ ಓಟದ ಲೆಕ್ಕದಲ್ಲಿ ಕೇಳುತ್ತವೆ. ನಿಮ್ಮ ಡಿಸ್ಕಿನ ಪೀಳಿಗೆಗೆ ಗೊತ್ತಿರುವುದು ಸಿಲಿಂಡರ್, ಹೆಡ್, ಸೆಕ್ಟರ್ ಎಂದು ವಿಳಾಸ ಹೇಳುವ ಪದ್ಧತಿ ಮಾತ್ರ. ಹೊಸ ಕೇಬಲ್ ತರಲು ಮತ್ತೆ ದುಡ್ಡು ಹಾಕಬೇಡಿ.

ಈಗ ಡಿಸ್ಕ್ ಇಲ್ಲದೆಯೇ ಮಷೀನ್ ಫ್ಲಾಪಿಯಿಂದ ಏಳಬೇಕು. ವಿಂಡೋಸಿಗಿಂತ ಮೊದಲು ಕಂಪ್ಯೂಟರ್ ನಡೆಸುತ್ತಿದ್ದ ಎಂಎಸ್-ಡಾಸ್‌ನ 6.22ರ ಬೂಟ್ ಫ್ಲಾಪಿ ಮಾಡಿಸಿ, ಅದರಲ್ಲಿ ಕಡತ ನಕಲು ಮಾಡುವ ಎಕ್ಸ್‌ಕಾಪಿ ಮತ್ತು ಇಂಟರ್‌ಸರ್ವರ್ ಎರಡೂ ಇರಲಿ. ಇಂಟರ್‌ಸರ್ವರ್ ಎನ್ನುವುದು ಡಾಸ್ 6ರ ಜೊತೆಗೇ ಬಂದ ಪ್ರೋಗ್ರಾಂ: ಪ್ರಿಂಟರ್ ಪೋರ್ಟಿಗೆ ಲ್ಯಾಪ್‌ಲಿಂಕ್ ಕೇಬಲ್ ಹಾಕಿ ಎರಡು ಕಂಪ್ಯೂಟರುಗಳನ್ನು ಜೋಡಿಸಿದರೆ ಹಳೆಯದರ ಡಿಸ್ಕು ಇನ್ನೊಂದರಲ್ಲಿ ಒಂದು ಡ್ರೈವ್ ಅಕ್ಷರವಾಗಿ ಕಾಣುತ್ತದೆ. ಆ ಇನ್ನೊಂದಕ್ಕೆ ಡಾಸ್ ಹಾಕಿದ ಹಳೆಯ ಪೆಂಟಿಯಮ್ ಬೇಕು, ಅದರಲ್ಲಿ ಇಂಟರ್‌ಲಿಂಕ್ ಹಾಕಿರಬೇಕು. ನಿಮ್ಮ ಶಾಲೆಯ ಸ್ಟೋರ್ ರೂಮಿನಲ್ಲೇ ಒಂದು ಬಿದ್ದಿದ್ದರೂ ಆಶ್ಚರ್ಯವಿಲ್ಲ. ಇಷ್ಟನ್ನೂ ಬೇಡವಾದ ಡಿಸ್ಕಿನಲ್ಲಿ ಒಂದು ಸಲ ಪೂರ್ತಿ ಮಾಡಿ ನೋಡಿ, ತಾಲೀಮಿನ ಹಾಗೆ.

ತಾಲೀಮು ಸರಿ ಬಂದ ದಿನ ಅಪ್ಪನ ಡಿಸ್ಕನ್ನು ಹೊರಗೆ ತೆಗೆಯಿರಿ. ಬೆಳಿಗ್ಗೆಯೇ ಶುರು ಮಾಡಿ, ಕರೆಂಟ್ ಹೋಗುವ ಹೊತ್ತು ನಿಮಗೇ ಗೊತ್ತಿರುತ್ತದೆ. ಯುಪಿಎಸ್ ಇದ್ದರೆ ಬಹಳ ಒಳ್ಳೆಯದು. ಡಿಸ್ಕನ್ನು ಕ್ಯಾಬಿನೆಟ್ಟಿನೊಳಗೆ ಬಿಗಿಯಬೇಡಿ. ಕೇಬಲ್ಲುಗಳನ್ನು ಹಚ್ಚಿ, ಹೊರಗೆ ದಪ್ಪ ವೃತ್ತಪತ್ರಿಕೆಯ ಮೇಲೆ ಇರಲಿ, ಸರ್ಕ್ಯೂಟಿಗೆ ಲೋಹ ತಾಗದಿರಲಿ. ಬೆಚ್ಚಗೆ ಮಾಡಿದ ಮೇಲೆ, ಇನ್ನೂ ಕರೆಂಟ್ ಕೊಡುವ ಮೊದಲು, ಅಂಗೈಯಲ್ಲಿ ಸಮತಟ್ಟಾಗಿ ಹಿಡಿದು ಬೀಸುವ ಕಲ್ಲನ್ನು ಮೊದಲ ಸುತ್ತಿಗೆ ಜಗ್ಗಿದ ಹಾಗೆ ಮಣಿಕಟ್ಟಿನಿಂದ ಕಾಲು ಸುತ್ತು ಚಟ್ಟನೆ ತಿರುಗಿಸಿ ನಿಲ್ಲಿಸಿ. ನಾಲ್ಕೈದು ಸಲ, ಎರಡೂ ದಿಕ್ಕಿಗೆ. ಮೈ ತಿರುಗುತ್ತದೆ, ಒಳಗಿನ ತಟ್ಟೆ ತನ್ನ ಭಾರಕ್ಕೆ ಇದ್ದಲ್ಲೇ ನಿಲ್ಲಲು ನೋಡುತ್ತದೆ, ನಡುವೆ ಹೆಡ್ಡು ಜಾರುತ್ತದೆ. ಫರಸಿಯನ್ನು ಪಕ್ಕಕ್ಕೆ ಜಾರಿಸುವುದೆಂದರೆ ಇದೇ. ಕೆಳಗಿಟ್ಟು ಸ್ವಿಚ್ ಹಾಕಿ. ಏಳದಿದ್ದರೆ, ಇನ್ನೊಬ್ಬರು ಸ್ವಿಚ್ ಹಾಕುವ ಕ್ಷಣಕ್ಕೆ ಸರಿಯಾಗಿ ನೀವು ಕೈಯಲ್ಲಿ ಹಿಡಿದು ಅದೇ ತಿರುವು ಕೊಡಿ. ಸೊಂಯ್ ಎಂದು ಎದ್ದ ಮೇಲೆ ಮಾತ್ರ ಅಲ್ಲಾಡಿಸಲೇಬಾರದು. ಮೆಲ್ಲಗೆ ಇಳಿಸಿ ಕೈ ತೆಗೆಯಿರಿ. ಹತ್ತು ಸಲದಲ್ಲಿ ಏಳದಿದ್ದರೆ ಬಿಟ್ಟುಬಿಡಿ. ಹಟ ಹಿಡಿದು ಮಾಡಿದರೆ ಹೆಡ್ಡಿನ ತೆಳು ಸ್ಪ್ರಿಂಗು ಕಿತ್ತು ಬರುತ್ತದೆ.

ಎದ್ದಿತು ಅಂದುಕೊಳ್ಳಿ. ಅಷ್ಟರಲ್ಲಿ ಪರದೆಯ ಮೇಲೆ ಮತ್ತೆ ‘ಫೇಲ್ಯೂರ್’ ಎಂದೇ ಇರಬಹುದು, ಏಕೆಂದರೆ ಕಂಪ್ಯೂಟರ್ ಕಾದದ್ದಕ್ಕಿಂತ ತಡವಾಗಿ ಡಿಸ್ಕ್ ಎದ್ದಿದೆ. ಗಾಬರಿಯಾಗಿ ಸ್ವಿಚ್ ಆರಿಸಿದರೆ ನನ್ನ ದಾಲ್ ಮಿಲ್ಲಿನ ಕಥೆಯೇ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಕಂಪ್ಯೂಟರ್ ಹೊಸದಾಗಿ ಶುರುವಾಗುತ್ತದೆ, ಡಿಸ್ಕು ತಿರುಗುತ್ತಲೇ ಇರುತ್ತದೆ. ಫ್ಲಾಪಿಯಿಂದಲೇ ಬೂಟ್ ಮಾಡಿ, ಹಾರ್ಡ್ ಡಿಸ್ಕಿನಿಂದ ಬೇಡ. ಹದಿನೈದಿಪ್ಪತ್ತು ನಿಮಿಷ ಸುಮ್ಮನೆ ತಿರುಗಲು ಬಿಟ್ಟು, ಆಮೇಲೆ ತತ್ವಪದಗಳ ಕಡತಗಳನ್ನು ಮೊದಲು ಎಳೆದುಕೊಳ್ಳಿ. ಅಕ್ಷರದ ಕಡತಗಳು ಸಣ್ಣವು, ಒಂದೆರಡು ಫ್ಲಾಪಿಯಲ್ಲೇ ಮುಗಿಯಬಹುದು. ಅವು ಕೈಗೆ ಬಂದ ಮೇಲೆ ಉಳಿದದ್ದೆಲ್ಲ ಕೇಬಲ್ಲಿನಲ್ಲಿ ಬರಲಿ, 40 ಎಂಬಿಗೆ ಒಂದೆರಡು ಗಂಟೆ ಹಿಡಿಯಬಹುದು. ಯಾವುದಾದರೂ ಕಡತ ಓದಲು ತಕರಾರು ಮಾಡಿದರೆ ಅಲ್ಲೇ ಕುಸ್ತಿ ಹಿಡಿಯದೆ ಮುಂದಿನದಕ್ಕೆ ಹೋಗಿ, ಕೊನೆಯಲ್ಲಿ ತಿರುಗಿ ಬನ್ನಿ.

ಆ ಹದಿನೈದಿಪ್ಪತ್ತು ನಿಮಿಷದ ಕಾರಣ ಕೇಳಿದರೆ ನಿಮ್ಮದಕ್ಕಿಂತ ಹಳೆಯ ಮಷೀನ್ ಇಟ್ಟುಕೊಂಡವರಿಗೆ ಉಪಯೋಗ. ಸೀಗೇಟ್ ಎಸ್‌ಟಿ-225ರಂಥ 20 ಎಂಬಿಯ ಡಿಸ್ಕುಗಳಲ್ಲಿ ಹೆಡ್ಡನ್ನು ಸರಿಸುವುದು ಸ್ಟೆಪ್ಪರ್ ಮೋಟಾರು. ಅದು ಇಷ್ಟು ಹೆಜ್ಜೆ ಎಂದು ಎಣಿಸಿ ಹೋಗಿ ನಿಲ್ಲುತ್ತದೆ, ಕೆಳಗೆ ಟ್ರ್ಯಾಕ್ ನಿಜವಾಗಿ ಇದೆಯೇ ಎಂದು ನೋಡುವುದಿಲ್ಲ. ಲೋಹ ಚಳಿಗೆ ಕುಗ್ಗಿ, ಸೆಕೆಗೆ ಹಿಗ್ಗುತ್ತದೆ. ಮೇ ತಿಂಗಳಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕು ಡಿಸೆಂಬರಿನ ಬೆಳಗಿನಲ್ಲಿ ತನ್ನ ಟ್ರ್ಯಾಕಿನಿಂದ ತುಸು ಆಚೆ ನಿಂತಿರುತ್ತದೆ. ಬೀದರಿನ ಚಳಿಯಲ್ಲಿ ಬೆಳಿಗ್ಗೆ ಏಳದೆ ಮಧ್ಯಾಹ್ನ ತಾನಾಗಿ ಎದ್ದ ಎಕ್ಸ್‌ಟಿಗಳನ್ನು, ಅಂದರೆ 386ಕ್ಕೂ ಹಿಂದಿನ ಕಂಪ್ಯೂಟರುಗಳನ್ನು, ನಾನು ಕಂಡಿದ್ದೇನೆ. ಅಂಥವನ್ನು ಬಂದ್ ಮಾಡುವ ಮೊದಲು ಪಾರ್ಕ್ ಎಂಬ ಸಣ್ಣ ಪ್ರೋಗ್ರಾಂ ಓಡಿಸಿ ಹೆಡ್ಡನ್ನು ಬದಿಗೆ ಸರಿಸಬೇಕು, ತಾನಾಗಿ ಸರಿಯುವ ಬುದ್ಧಿ ಅವಕ್ಕಿಲ್ಲ.

ಡಿಸ್ಕ್ ಸೊಂಯ್ ಎಂದು ಎದ್ದು ಹೆಡ್ಡು ಮಾತ್ರ ಕದಲದಿದ್ದರೆ ಅದು ಬೇರೆ ರೋಗ. ಆ ಕಾಲದ ಕೆಲವು ಡಿಸ್ಕುಗಳ ಒಳಗೆ ಹೆಡ್ಡಿನ ತೋಳು ತಾಗಿ ನಿಲ್ಲಲು ಸಣ್ಣ ರಬ್ಬರ್ ತುಂಡು ಇದೆ. ವರ್ಷಗಳು ಕಳೆದಂತೆ ಅದು ಕರಗಿ ಬಂಡಿಯ ಕೀಲೆಣ್ಣೆಯ ಹಾಗೆ ಅಂಟಂಟಾಗಿ ತೋಳನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಮುಚ್ಚಳ ತೆಗೆಯಲೇಬೇಕು. ನಾನು ಬೇಡವಾದ ಡಿಸ್ಕುಗಳನ್ನು ಬಚ್ಚಲುಮನೆಗೆ ನೀರು ಚೆಲ್ಲಿ ಧೂಳು ಕೂರಿಸಿಕೊಂಡು ತೆರೆದದ್ದಿದೆ, ಕೆಲವು ಓದಿದ್ದೂ ಇದೆ. ಆದರೆ ತಂದೆಯ ಬರಹ ಇರುವ ಡಿಸ್ಕಿನ ಮೇಲೆ ಆ ಆಟ ಆಡಬೇಡಿ ಅಕ್ಕಾವ್ರೇ. ದತ್ತಾಂಶ ಎತ್ತಿಕೊಡುವ, ಶುದ್ಧ ಗಾಳಿಯ ಕೋಣೆ ಇರುವವರಿಗೇ ಕೊಡಿ.

ಇನ್ನೊಂದು ಮಾತು ಮೊದಲೇ ಹೇಳಿಡುತ್ತೇನೆ. ಕಡತ ಸಿಕ್ಕಿ ತೆರೆದಾಗ ಕಡಕೋಳ ಮಡಿವಾಳಪ್ಪನವರ ಪದದ ಬದಲು ಬಾಲ ಕೊಂಬುಗಳ ಚಿತ್ತಾರ ಕಂಡರೆ ಕೆಟ್ಟಿದೆ ಎಂದು ಅಳಿಸಬೇಡಿ. ಯೂನಿಕೋಡ್ ನಮ್ಮ ಮನೆಗಳಿಗೆ ಬರುವ ಮೊದಲು ಡಾಸಿನಲ್ಲಿ ಕನ್ನಡ ಬರೆಯುತ್ತಿದ್ದವರಲ್ಲಿ ಹಲವರು ಸರಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕಿನ ಜಿಸ್ಟ್ ಕಾರ್ಡ್ ಬಳಸುತ್ತಿದ್ದರು. ಅದರ ಅಕ್ಷರಗಳು ಇಸ್ಕಿ ಸಂಕೇತದಲ್ಲಿ ಇರುತ್ತವೆ, 1991ರಲ್ಲಿ ಭಾರತೀಯ ಮಾನಕವಾದದ್ದು. ಅದನ್ನು ಯೂನಿಕೋಡಿಗೆ ತಿರುಗಿಸಬಹುದು. ಕ್ಯಾಬಿನೆಟ್ ತೆರೆದಾಗ ಒಳಗೆ ಜಿಸ್ಟ್ ಎಂದು ಬರೆದ ಉದ್ದ ಕಾರ್ಡ್ ಇದೆಯೇ ನೋಡಿ, ಇದ್ದರೆ ಅದನ್ನೂ ಜೋಪಾನ ಮಾಡಿ.

ಸದ್ಯಕ್ಕೆ ನನಗೆ ಬೇಕಾದದ್ದು ಮೂರು ಫೋಟೋ: ಡಿಸ್ಕಿನ ಲೇಬಲ್ಲು, ಬ್ಯಾಟರಿಯ ಸುತ್ತಿನ ಜಾಗ, ಎಸ್‌ಎಂಪಿಎಸ್ಸಿನ ಲೇಬಲ್ಲು. ಕಲಬುರಗಿಗೆ ತರುವುದೇ ಒಳ್ಳೆಯದು ಅನ್ನಿಸಿದರೆ ಕಂಪ್ಯೂಟರನ್ನು ಬಸ್ಸಿನ ಮೇಲೆ ಹಾಕಿದರೂ ಪರವಾಗಿಲ್ಲ, ಡಿಸ್ಕನ್ನು ಮಾತ್ರ ಬಿಚ್ಚಿ, ಹಳೆಯ ಕೌದಿಯ ತುಂಡಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ.